ಕಸಿ ಚಾಕುವಿಗೆ ತಕ್ಕ ಸಾಣೆಕಲ್ಲು: ಹೊಸಬರು ಆರಿಸುವ ಬಗೆ

ಮಳೆಗಾಲ ಹಿಡಿಯಿತೆಂದರೆ ಮಾವು, ಗೋಡಂಬಿ, ಹುಣಿಸೆಗಳ ಕಸಿ ಕೆಲಸ ಆರಂಭವಾಗುತ್ತದೆ. ನೀರೆರೆದು ಸಾಕಿದ ಬೇರುಸಸಿ ಸಿದ್ಧವಿದೆ. ಹೆಸರಾದ ತಾಯಿಮರದಿಂದ ಕಸಿಕಡ್ಡಿಯನ್ನು ಆರಿಸಿ ತಂದಿದ್ದೀರಿ. ಕಡ್ಡಿಯನ್ನು ಕೂಡಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ನೆರಳಿನಲ್ಲಿಟ್ಟಿದ್ದೀರಿ. ಮೂರು ವಾರ ಕಳೆದು ನೋಡಿದರೆ ಕಡ್ಡಿ ಕಪ್ಪಾಗಿ ಒಣಗಿರುತ್ತದೆ. ಆಗ ನಾವು ಕಡ್ಡಿಯನ್ನು ದೂರುತ್ತೇವೆ, ಹವೆಯನ್ನು ದೂರುತ್ತೇವೆ, ಪಟ್ಟಿಯನ್ನು ದೂರುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಷ್ಟೋ ವೇಳೆ ತಪ್ಪು ಇರುವುದು ನಮ್ಮ ಕೈಯಲ್ಲಿದ್ದ ಚಾಕುವಿನ ಬಾಯಿಯಲ್ಲಿ.

ಚಾಕು ಕೊಳ್ಳುವಾಗ ಹತ್ತು ಸಲ ಯೋಚಿಸುವ ರೈತರು ಅದನ್ನು ಮಸೆಯುವ ಕಲ್ಲನ್ನು ಮಾತ್ರ ಸಂತೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ತೆಗೆದುಕೊಂಡು ಬರುತ್ತಾರೆ. ಈ ಲೇಖಕನೂ ಮೊದಲು ಹಾಗೆಯೇ ಮಾಡಿದ್ದುಂಟು. ಕುಡುಗೋಲಿಗೆ ತಂದ ಒರಟು ಕಲ್ಲಿನ ಮೇಲೆ ಹೊಸ ಕಸಿ ಚಾಕುವನ್ನು ಎಳೆದು, ಅದರ ಬಾಯಿಯನ್ನು ಗರಗಸದಂತೆ ಮಾಡಿಕೊಂಡು, ಒಂದು ಮಳೆಗಾಲದ ಕಸಿಗಳಲ್ಲಿ ಬಹುಪಾಲನ್ನು ಕಳೆದುಕೊಂಡದ್ದಾಯಿತು. ನಿಮಗೆ ಆ ನಷ್ಟ ಆಗಬಾರದೆಂಬುದೇ ಈ ಲೇಖನದ ಉದ್ದೇಶ. ಯಾವ ಕಲ್ಲು ಬೇಕು, ಎಷ್ಟು ಬೇಕು, ಯಾವುದು ಬೇಡ, ಹೇಗೆ ಬಳಸಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ. ಮನೆಯಲ್ಲಿ ಹಳೆಯ ಕಾಲದ ಕ್ಷೌರದ ಕತ್ತಿ ಇದ್ದವರಿಗೂ ಇದೇ ತಿಳಿವಳಿಕೆ ಅನ್ವಯಿಸುತ್ತದೆ.

ಹರಿತವೇಕೆ ಬೇಕು?

ಕಸಿ ಕೂಡುವುದು ತೊಗಟೆಯಿಂದಲೂ ಅಲ್ಲ, ಮರದಿಂದಲೂ ಅಲ್ಲ. ಅವೆರಡರ ನಡುವೆ ಕೇಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಹೊಸ ಕೋಶಗಳನ್ನು ಹುಟ್ಟಿಸುವುದು ಇದೇ ಪದರ. ಬೇರುಸಸಿಯ ಕೇಂಬಿಯಂ ಮತ್ತು ಕಸಿಕಡ್ಡಿಯ ಕೇಂಬಿಯಂ ಒಂದಕ್ಕೊಂದು ತಾಗಿ ಕುಳಿತರೆ ಎರಡೂ ಕಡೆಯಿಂದ ಹೊಸ ಕೋಶಗಳು ಬೆಳೆದು ಬೆಸೆದುಕೊಳ್ಳುತ್ತವೆ.

ಹರಿತವಾದ ಚಾಕು ಈ ಕೋಶಗಳನ್ನು ಸೀಳಿಕೊಂಡು ಹೋಗುತ್ತದೆ. ಕೊಯ್ದ ಮೇಲ್ಮೈ ಸಮತಟ್ಟಾಗಿ ಹೊಳೆಯುತ್ತದೆ. ಮೊಂಡು ಚಾಕು ಕೋಶಗಳನ್ನು ಜಜ್ಜುತ್ತದೆ. ಜಜ್ಜಿದ ಕೋಶಗಳು ಸತ್ತು ಕಂದು ಬಣ್ಣಕ್ಕೆ ತಿರುಗಿ, ಎರಡು ಜೀವಂತ ಪದರಗಳ ನಡುವೆ ಅಡ್ಡಗೋಡೆಯಂತೆ ನಿಲ್ಲುತ್ತವೆ. ಮೊಂಡು ಚಾಕುವಿನಿಂದ ಒಂದೇ ಎಳೆತಕ್ಕೆ ಕೊಯ್ಯಲಾಗದು. ಎರಡು ಮೂರು ಸಲ ಎಳೆದಾಗ ಮೇಲ್ಮೈ ಅಲೆಅಲೆಯಾಗುತ್ತದೆ. ಆ ತಗ್ಗುಗಳಲ್ಲಿ ಗಾಳಿ, ನೀರು ನಿಂತು ಬೂಷ್ಟು ಸೇರುತ್ತದೆ. ಮೃದುಕಾಂಡ ಕಸಿಯಲ್ಲಿ ಕಡ್ಡಿಯ ಎರಡೂ ಬದಿಗೆ 4ರಿಂದ 5 ಸೆಂ.ಮೀ. ಉದ್ದದ ಇಳಿಜಾರು ಕೊಯ್ತ ಬೇಕಾಗುವುದರಿಂದ ಈ ದೋಷ ಇನ್ನೂ ಹೆಚ್ಚಾಗಿ ಕಾಣುತ್ತದೆ.

ಇನ್ನೊಂದು ಮಾತು. ಮೊಂಡು ಚಾಕುವೇ ಕೈಯನ್ನು ಹೆಚ್ಚು ಕೊಯ್ಯುವುದು. ಹರಿತವಿಲ್ಲದಾಗ ನಾವು ಬಲ ಹಾಕಿ ಒತ್ತುತ್ತೇವೆ. ಒತ್ತಿದ ಚಾಕು ಥಟ್ಟನೆ ಜಾರಿದರೆ ಅದು ಹೋಗುವುದು ಹೆಬ್ಬೆರಳಿನ ಕಡೆಗೇ.

ಕೆಲವರು ಸಾಣೆಯ ಗೊಡವೆಯೇ ಬೇಡವೆಂದು ಕ್ಷೌರದ ಬ್ಲೇಡಿನಿಂದ ಕಸಿ ಮಾಡುತ್ತಾರೆ. ಎಳೆಯ ಕಾಂಡಕ್ಕೆ, ಗುಲಾಬಿಯ ಕಣ್ಣುಕಸಿಗೆ ಇದು ನಡೆಯುತ್ತದೆ. ಆದರೆ ಪೆನ್ಸಿಲ್ ಗಾತ್ರದ ಬಲಿತ ಕಡ್ಡಿಯಲ್ಲಿ ಬ್ಲೇಡು ಬಾಗಿ ಕೊಯ್ತ ಡೊಂಕಾಗುತ್ತದೆ. ಬಳಸಿ ಬಿಸುಟ ಬ್ಲೇಡುಗಳು ಮಣ್ಣಿನಲ್ಲಿ ಸೇರಿ ಆಳುಗಳ ಕಾಲಿಗೆ ಚುಚ್ಚುತ್ತವೆ. ಆದುದರಿಂದ ಕಸಿಯನ್ನು ಕಸುಬಾಗಿ ಮಾಡುವವರಿಗೆ ಒಳ್ಳೆಯ ಚಾಕು ಮತ್ತು ತಕ್ಕ ಕಲ್ಲು ಅಗತ್ಯ.

ಕಲ್ಲು ಮಾಡುವ ಕೆಲಸ

ಕಲ್ಲಿನ ಮೇಲೆ ಉಕ್ಕನ್ನು ಉಜ್ಜಿದಾಗ, ಉಕ್ಕಿಗಿಂತ ಗಟ್ಟಿಯಾದ ಕಣಗಳು ಉಕ್ಕನ್ನು ಗೀಚಿ ಸವೆಸುತ್ತವೆ. ಪ್ರತಿಯೊಂದು ಕಣವೂ ಒಂದೊಂದು ಸಣ್ಣ ನೇಗಿಲಿನಂತೆ ಸಾಲು ಹೊಡೆಯುತ್ತದೆ. ದೊಡ್ಡ ಕಣ ಆಳವಾದ ಸಾಲು, ಸಣ್ಣ ಕಣ ತೆಳುವಾದ ಸಾಲು. ಅಲಗಿನ ಎರಡು ಬದಿಗಳು ಕೂಡುವ ಗೆರೆಯೇ ಬಾಯಿ. ಆ ಬದಿಗಳಲ್ಲಿ ಆಳವಾದ ಸಾಲುಗಳಿದ್ದರೆ ಬಾಯಿಯೂ ಹಲ್ಲುಹಲ್ಲಾಗಿರುತ್ತದೆ. ಸಾಲುಗಳು ನಯವಾದಷ್ಟೂ ಬಾಯಿ ನಯವಾಗುತ್ತದೆ.

ಹೊಲವನ್ನು ಹದ ಮಾಡುವಾಗ ಮೊದಲು ನೇಗಿಲು, ಆಮೇಲೆ ಕುಂಟೆ, ಕೊನೆಗೆ ಕೊರಡು ಹೊಡೆಯುವುದಿಲ್ಲವೇ? ಮಸೆಯುವುದೂ ಹಾಗೆಯೇ. ಮೊದಲು ಒರಟು ಕಲ್ಲು ರೂಪ ಕೊಡುತ್ತದೆ, ನಡುವಣ ಕಲ್ಲು ಬಾಯಿ ಬಿಡಿಸುತ್ತದೆ, ನಯಗಲ್ಲು ಹೊಳಪು ಕೊಡುತ್ತದೆ. ಹೆಂಟೆ ಒಡೆಯದೆ ಕೊರಡು ಹೊಡೆದರೆ ಹೇಗೆ ಪ್ರಯೋಜನವಿಲ್ಲವೋ, ಬಾಯಿ ಬಿಡಿಸದೆ ನಯಗಲ್ಲಿನ ಮೇಲೆ ಗಂಟೆಗಟ್ಟಲೆ ಎಳೆದರೂ ಹಾಗೆಯೇ ಪ್ರಯೋಜನವಿಲ್ಲ.

ನಂಬರಿನ ಅರ್ಥ

ಕಾರ್ಖಾನೆಯ ಕಲ್ಲುಗಳ ಮೇಲೆ 240, 1000, 4000 ಎಂದು ನಂಬರು ಇರುತ್ತದೆ. ನಂಬರು ಹೆಚ್ಚಾದಷ್ಟೂ ಕಣ ಸಣ್ಣದು. ಒರಟು ಕಣಗಳನ್ನು ಜರಡಿ ಹಿಡಿದು ಬೇರ್ಪಡಿಸುತ್ತಾರೆ. ಜರಡಿಯ ಒಂದು ಅಂಗುಲ ಉದ್ದದಲ್ಲಿ ಎಷ್ಟು ಕಣ್ಣುಗಳಿವೆ ಎಂಬ ಲೆಕ್ಕದಿಂದ ಈ ನಂಬರು ಬಂದಿದೆ. ಬಹಳ ನಯವಾದ ಪುಡಿಯನ್ನು ಜರಡಿ ಹಿಡಿಯಲಾಗದು. ಅದು ನೀರಿನಲ್ಲಿ ತಳಕ್ಕಿಳಿಯುವ ವೇಗ ಮೊದಲಾದ ಕ್ರಮಗಳಿಂದ ವಿಂಗಡಿಸುತ್ತಾರೆ.

ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಜಪಾನಿನ ಅಳತೆಯಂತೆ ನಂಬರು ಹಾಕಿದ ಕಲ್ಲುಗಳಲ್ಲಿ ಕಣದ ಗಾತ್ರ ಸ್ಥೂಲವಾಗಿ ಹೀಗಿರುತ್ತದೆ:

240 ನಂಬರು – 60 ಮೈಕ್ರಾನ್ ಆಸುಪಾಸು. ಮುರಿದ ಬಾಯಿಗೆ ರೂಪ ಕೊಡಲು.
400 ನಂಬರು – 30ರಿಂದ 35 ಮೈಕ್ರಾನ್. ಕುಡುಗೋಲು, ಮಚ್ಚಿಗೆ.
1000 ನಂಬರು – 11ರಿಂದ 15 ಮೈಕ್ರಾನ್. ಚಾಕುವಿನ ಬಾಯಿ ಬಿಡಿಸಲು.
4000 ನಂಬರು – ಸುಮಾರು 3 ಮೈಕ್ರಾನ್. ಕಸಿ ಚಾಕುವನ್ನು ನಯಗೊಳಿಸಲು.
8000 ನಂಬರು – 1ರಿಂದ 2 ಮೈಕ್ರಾನ್. ಕ್ಷೌರದ ಕತ್ತಿಗೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎಲ್ಲ ದೇಶಗಳ ನಂಬರೂ ಒಂದೇ ಅಲ್ಲ. ಅಂಗಡಿಯಲ್ಲಿ ಸಿಗುವ ಎಮರಿ ಕಾಗದದ ಹಿಂದೆ ನಂಬರಿಗೆ ಮೊದಲು ‘ಪಿ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಯುರೋಪಿನ ಅಳತೆ. ಅದರಲ್ಲಿ 1000 ನಂಬರೆಂದರೆ 18 ಮೈಕ್ರಾನ್. ಅಮೆರಿಕದ ಅಳತೆಯಲ್ಲಿ 1000 ನಂಬರೆಂದರೆ ಸುಮಾರು 9 ಮೈಕ್ರಾನ್. ಸೇರು, ಪಾವುಗಳು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದಂತೆಯೇ ಇದು. ಆದುದರಿಂದ ನಂಬರಿನ ಜೊತೆಗೆ ಮೈಕ್ರಾನ್ ನಮೂದಿಸಿದ್ದರೆ ಮೈಕ್ರಾನನ್ನೇ ನಂಬಿರಿ.

ಕಲ್ಲಿನ ಬಗೆಗಳು

1. ನೈಸರ್ಗಿಕ ಕಲ್ಲು: ಕಲ್ಲಿನ ಮೇಲೆ ಉಜ್ಜಿ ಬಾಯಿ ಮಾಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರು. ಅವುಗಳನ್ನು ಉಜ್ಜಿದ ತೋಡುಗಳನ್ನು ಅಲ್ಲಿನ ಬಂಡೆಗಳ ಮೇಲೆ ಈಗಲೂ ನೋಡಬಹುದು. ಇಂದಿಗೂ ಹಳ್ಳಿಗಳಲ್ಲಿ ಮರಳುಗಲ್ಲಿನ ತುಂಡಿನ ಮೇಲೆ ಕುಡುಗೋಲು ಮಸೆಯುತ್ತಾರೆ. ಮರಳುಗಲ್ಲಿನಲ್ಲಿರುವ ಕ್ವಾರ್ಟ್ಸ್ ಕಣ ಉಕ್ಕನ್ನು ಗೀಚಬಲ್ಲದು. ಆದರೆ ಕಣದ ಗಾತ್ರ ಒಂದೇ ಸಮವಾಗಿರುವುದಿಲ್ಲ. ನಡುವೆ ಒಂದು ದೊಡ್ಡ ಕಣವಿದ್ದರೂ ನಯವಾದ ಬಾಯಿ ಕೆಡುತ್ತದೆ. ಹೀಗಾಗಿ ಇದು ಕುಡುಗೋಲಿಗೆ ಸರಿ, ಕಸಿ ಚಾಕುವಿಗೆ ಸಲ್ಲದು.

ಹೊರದೇಶಗಳಲ್ಲಿ ಹೆಸರುವಾಸಿಯಾದ ನಯವಾದ ನೈಸರ್ಗಿಕ ಕಲ್ಲುಗಳಿವೆ. ಅಮೆರಿಕದ ಅರ್ಕನ್ಸಾ ಕಲ್ಲು, ಬೆಲ್ಜಿಯಂ ದೇಶದ ಹಳದಿ ಬಣ್ಣದ ಕೋಟಿಕ್ಯೂಲ್, ಜಪಾನಿನ ಕ್ಯೋಟೊ ಸುತ್ತಲಿನ ಗಣಿಗಳ ಕಲ್ಲು ಇವುಗಳಲ್ಲಿ ಮುಖ್ಯವಾದವು. ಕೋಟಿಕ್ಯೂಲಿನಲ್ಲಿ ಉಕ್ಕನ್ನು ಸವೆಸುವುದು ಗಾರ್ನೆಟ್ ಎಂಬ ಖನಿಜದ ಸಣ್ಣ ಕಣಗಳು. ಕ್ಷೌರದ ಕತ್ತಿಗೆ ಇವು ಬಹಳ ಕಾಲದಿಂದ ಬಳಕೆಯಲ್ಲಿವೆ. ಆದರೆ ಬೆಲೆ ಹೆಚ್ಚು, ಒಂದು ಕಲ್ಲಿನಂತೆ ಇನ್ನೊಂದಿರುವುದಿಲ್ಲ, ಬಳಸಲು ಕೈಪಳಗಿರಬೇಕು. ಹೊಸಬರು ಇವುಗಳ ಆಸೆಗೆ ಬೀಳದಿರುವುದು ಮೇಲು.

2. ಕಾರ್ಬೊರಂಡಂ ಕಲ್ಲು: ಬೂದು ಅಥವಾ ಕಪ್ಪು ಬಣ್ಣದ್ದು. ಇದರ ಕಣ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಆಚೆಸನ್ 1891ರಲ್ಲಿ ಇದನ್ನು ವಿದ್ಯುತ್ ಕುಲುಮೆಯಲ್ಲಿ ತಯಾರಿಸಿದನು. ಬಹಳ ಗಟ್ಟಿ, ಬೇಗ ಸವೆಸುತ್ತದೆ. ಯಂತ್ರೋಪಕರಣದ ಅಂಗಡಿಗಳಲ್ಲಿ ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ನಯ ಎಂದು ಮಾರುವ ಜೋಡಿಕಲ್ಲು ಸಾಮಾನ್ಯವಾಗಿ ಇದೇ ಜಾತಿಯದು. ಆದರೆ ಅದರ ‘ನಯ’ ಎಂಬ ಮಗ್ಗುಲೂ ಕೆಲವು ನೂರು ನಂಬರಿನ ಒಳಗೇ ಇರುತ್ತದೆ. ಕುಡುಗೋಲು, ಮಚ್ಚಿಗೆ ಇದು ಉತ್ತಮ. ಕಸಿ ಚಾಕುವಿಗೆ, ಬಾಯಿ ಮುರಿದಾಗ ಮಾತ್ರ.

3. ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು: ಬಿಳಿ, ಕಂದು, ಕೆಂಪು ಮುಂತಾದ ಬಣ್ಣಗಳಲ್ಲಿ ಬರುತ್ತದೆ. ನೀರಿನೊಂದಿಗೆ ಬಳಸುವ 1000, 4000, 8000 ನಂಬರಿನ ಕಲ್ಲುಗಳಲ್ಲಿ ಹೆಚ್ಚಿನವು ಈ ಜಾತಿಯವು. ಕಣ ಒಂದೇ ಸಮ, ಗುಣ ಖಚಿತ. ಹೊಸಬರಿಗೆ ಇದೇ ಅತ್ಯಂತ ಸೂಕ್ತ. ಆದರೆ ಇವು ಬೇಗ ಸವೆದು ನಡುವೆ ತಗ್ಗಾಗುತ್ತವೆ. ಇದಕ್ಕೆ ಪರಿಹಾರವನ್ನು ಮುಂದೆ ಕೊಟ್ಟಿದೆ.

4. ವಜ್ರದ ಫಲಕ: ಲೋಹದ ಹಲಗೆಯ ಮೇಲೆ ವಜ್ರದ ಪುಡಿಯನ್ನು ಕೂರಿಸಿರುತ್ತಾರೆ. ತಗ್ಗು ಬೀಳುವುದಿಲ್ಲ, ನೆನೆಸಬೇಕಿಲ್ಲ. ಆದರೆ ಹೊಸದಾಗಿರುವಾಗ ಗೀರು ಆಳವಾಗಿ ಬೀಳುತ್ತದೆ. ಒತ್ತಿ ಉಜ್ಜಿದರೆ ವಜ್ರದ ಕಣ ಕಿತ್ತುಬರುತ್ತದೆ. 400 ನಂಬರಿನ ಆಸುಪಾಸಿನ ಫಲಕವೊಂದಿದ್ದರೆ ಬೇರೆ ಕಲ್ಲುಗಳನ್ನು ಮಟ್ಟ ಮಾಡಲೂ ಬರುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಕಸಿ ಮಾಡುವ ಹೊಸಬರಿಗೆ ಒಂದು ಮಗ್ಗುಲು 1000, ಇನ್ನೊಂದು ಮಗ್ಗುಲು 4000 ನಂಬರಿನ ಒಂದು ನೀರುಗಲ್ಲು ಸಾಕು. 4000 ಸಿಗದಿದ್ದರೆ 3000ವೂ ಆದೀತು, 6000ವೂ ಆದೀತು. ಇದರ ಜೊತೆಗೆ ಒಂದು ಚರ್ಮದ ಪಟ್ಟಿ ಇರಲಿ. ಕುಡುಗೋಲಿಗೆಂದು ಮನೆಯಲ್ಲಿರುವ ಕಾರ್ಬೊರಂಡಂ ಕಲ್ಲೇ ಮುರಿದ ಬಾಯಿಯ ರಿಪೇರಿಗೆ ಆಗುತ್ತದೆ. ಇದಕ್ಕಿಂತ ಹೆಚ್ಚು ಕಲ್ಲು ಕೊಳ್ಳುವ ಅಗತ್ಯವಿಲ್ಲ. ಐದಾರು ಕಲ್ಲು ಇಟ್ಟುಕೊಂಡು ಒಂದನ್ನೂ ಸರಿಯಾಗಿ ಬಳಸದವರಿಗಿಂತ ಒಂದೇ ಕಲ್ಲನ್ನು ಅರಿತು ಬಳಸುವವರ ಚಾಕು ಹರಿತವಾಗಿರುತ್ತದೆ.

ಒಳ್ಳೆಯ ಕಲ್ಲು ನಿಮ್ಮ ಪೇಟೆಯಲ್ಲಿ ಸಿಗದಿದ್ದರೆ ಅಗ್ಗದ ದಾರಿಯೊಂದಿದೆ. ದಪ್ಪ ಗಾಜಿನ ಹಲಗೆಯ ಮೇಲೆ ನೀರಿನಲ್ಲಿ ಬಳಸಬಹುದಾದ ಎಮರಿ ಕಾಗದವನ್ನು ಒದ್ದೆ ಮಾಡಿ ಅಂಟಿಸಿರಿ. ಮೊದಲು 1000, ನಂತರ 2000 ನಂಬರಿನ ಕಾಗದ ಬಳಸಿರಿ. ಇದರ ಮೇಲೆ ಚಾಕುವನ್ನು ಬೆನ್ನು ಮುಂದಾಗಿ ಎಳೆಯಬೇಕೇ ವಿನಾ ಬಾಯಿ ಮುಂದಾಗಿ ತಳ್ಳಬಾರದು. ತಳ್ಳಿದರೆ ಕಾಗದ ಹರಿಯುತ್ತದೆ, ಬಾಯಿಯೂ ಕೆಡುತ್ತದೆ.

ಅಂಗಡಿಯಲ್ಲಿ ಗಮನಿಸಬೇಕಾದ ಅಂಶಗಳು

• ಅಳತೆ: ಸುಮಾರು 8 ಅಂಗುಲ ಉದ್ದ, 2 ಅಂಗುಲಕ್ಕೆ ಕಡಿಮೆಯಿಲ್ಲದ ಅಗಲ ಇರಲಿ. ಗಿಡ್ಡ ಕಲ್ಲಿನ ಮೇಲೆ ಹೊಸಬರ ಕೈ ನೇರವಾಗಿ ನಡೆಯುವುದಿಲ್ಲ.
• ಮಟ್ಟ: ಉಕ್ಕಿನ ಅಳತೆಪಟ್ಟಿಯ ಅಂಚನ್ನು ಕಲ್ಲಿನ ಮೇಲೆ ಉದ್ದಕ್ಕೂ ಮೂಲೆಯಿಂದ ಮೂಲೆಗೂ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿರಿ. ನಡುವೆ ಬೆಳಕು ಕಂಡರೆ ಕಲ್ಲು ತಗ್ಗಾಗಿದೆ ಎಂದರ್ಥ.
• ಬಿರುಕು: ಕಲ್ಲನ್ನು ಬೆರಳುಗಳ ಮೇಲೆ ಹಗುರವಾಗಿ ಹಿಡಿದು ಮರದ ಕಡ್ಡಿಯಿಂದ ತಟ್ಟಿರಿ. ಮಡಕೆ ಕೊಳ್ಳುವಾಗ ತಟ್ಟಿ ನೋಡುವಂತೆಯೇ. ಒಡಕು ಸದ್ದು ಬಂದರೆ ಬಿಟ್ಟುಬಿಡಿ.
• ನಂಬರು: ನಂಬರು ಮುದ್ರಿಸದ, ‘ನಯ’, ‘ಅತಿ ನಯ’ ಎಂದಷ್ಟೇ ಹೇಳುವ ಕಲ್ಲನ್ನು ಕಸಿ ಚಾಕುವಿಗೆ ಕೊಳ್ಳಬೇಡಿ. ಬಣ್ಣ ನೋಡಿ ನಯವನ್ನು ತಿಳಿಯಲಾಗದು.
• ಎಣ್ಣೆಯೋ ನೀರೋ: ಕಲ್ಲನ್ನು ಎಣ್ಣೆಯಲ್ಲಿ ಬಳಸಬೇಕೋ ನೀರಿನಲ್ಲಿಯೋ ಎಂಬುದನ್ನು ಕೇಳಿ ತಿಳಿಯಿರಿ. ಒಮ್ಮೆ ಎಣ್ಣೆ ಕುಡಿದ ಕಲ್ಲು ಮತ್ತೆ ನೀರಿಗೆ ಒಗ್ಗುವುದಿಲ್ಲ.

ಎಣ್ಣೆಗಲ್ಲಿಗೆ ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳುವಾದ ಖನಿಜ ಎಣ್ಣೆಯನ್ನೇ ಬಳಸಿರಿ. ಕುಸುಬೆ, ಅಗಸೆ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗಿ ಕಲ್ಲಿನ ರಂಧ್ರಗಳನ್ನು ಮುಚ್ಚುತ್ತವೆ.

ಮಸೆಯುವ ಕ್ರಮ

ಕಸಿ ಚಾಕುವಿನ ಒಂದು ಬದಿ ಚಪ್ಪಟೆ, ಇನ್ನೊಂದು ಬದಿಯಲ್ಲಿ ಮಾತ್ರ ಇಳಿಜಾರು ಇರುವುದು ಸಾಮಾನ್ಯ. ಚಪ್ಪಟೆ ಬದಿ ಕಡ್ಡಿಗೆ ಒರಗಿ ನಡೆಯುವುದರಿಂದಲೇ ಕೊಯ್ತ ಮಟ್ಟಸವಾಗುತ್ತದೆ. ಎಡಗೈ ರೂಢಿಯವರಿಗೆ ಇಳಿಜಾರು ಇನ್ನೊಂದು ಬದಿಯಲ್ಲಿರುವ ಚಾಕು ಬೇಕು. ಮೊದಲು ನಿಮ್ಮ ಚಾಕು ಯಾವ ಬಗೆಯದೆಂದು ನೋಡಿಕೊಂಡು ಮುಂದಿನ ಕ್ರಮವನ್ನು ಅನುಸರಿಸಿರಿ.

1. ನೀರುಗಲ್ಲನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ, ಅಂದರೆ ಸುಮಾರು 10 ನಿಮಿಷ, ನೀರಿನಲ್ಲಿಡಿ. ನೆನೆಸಬಾರದೆಂದು ತಯಾರಕರು ಸೂಚಿಸಿದ್ದರೆ ಮೇಲೆ ನೀರು ಚಿಮುಕಿಸಿದರೆ ಸಾಕು.

2. ಒದ್ದೆ ಗೋಣಿ ಅಥವಾ ಬಟ್ಟೆಯ ಮೇಲೆ ಕಲ್ಲನ್ನಿಡಿ. ಆಗ ಅದು ಜಾರುವುದಿಲ್ಲ.

3. ಇಳಿಜಾರಿನ ಮೇಲೆ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. 1000 ನಂಬರಿನ ಮಗ್ಗುಲಿನ ಮೇಲೆ ಒಂದೆರಡು ಸಲ ಎಳೆದು ನೋಡಿರಿ. ಬಾಯಿಯ ಅಂಚಿನಲ್ಲಿ ಮಸಿ ಉಳಿದರೆ ಚಾಕುವನ್ನು ತೀರ ಮಲಗಿಸಿದ್ದೀರಿ. ಅಂಚಿನಲ್ಲಿ ಮಾತ್ರ ಮಸಿ ಹೋದರೆ ಹೆಚ್ಚಾಗಿ ಎತ್ತಿದ್ದೀರಿ. ಇಳಿಜಾರಿನ ಉದ್ದಗಲಕ್ಕೂ ಮಸಿ ಹೋಗುವಂತೆ ಹಿಡಿಯುವುದೇ ಸರಿಯಾದ ಕೋನ.

4. ಕೋನವೇ ತಪ್ಪಿಹೋಗಿರುವ ಚಾಕುವಾದರೆ 15ರಿಂದ 20 ಡಿಗ್ರಿ ಇಟ್ಟುಕೊಳ್ಳಿ. ಅಲಗಿನ ಅಗಲ 20 ಮಿ.ಮೀ. ಇದ್ದರೆ, ಬೆನ್ನನ್ನು ಕಲ್ಲಿನಿಂದ 5 ಮಿ.ಮೀ. ಎತ್ತಿದಾಗ ಸುಮಾರು 15 ಡಿಗ್ರಿ ಆಗುತ್ತದೆ.

5. ಕಲ್ಲಿನಿಂದ ತೆಳುವಾದ ಪದರವನ್ನು ಹೆರೆಯುವವರಂತೆ ಬಾಯಿ ಮುಂದಾಗಿ ನಿಧಾನವಾಗಿ ತಳ್ಳಿರಿ. ಹಿಡಿಯ ಬಳಿಯಿಂದ ತುದಿಯವರೆಗೆ ಬಾಯಿ ಪೂರ್ತಿ ಕಲ್ಲಿಗೆ ತಾಗಬೇಕು. ಏಳುವ ಕೆಸರನ್ನು ತೊಳೆಯಬೇಡಿ, ಅದೂ ಸವೆಸಲು ನೆರವಾಗುತ್ತದೆ. ಒಣಗಿದರೆ ಒಂದು ಹನಿ ನೀರು ಸೇರಿಸಿರಿ.

6. ಸ್ವಲ್ಪ ಹೊತ್ತಿನಲ್ಲಿ ಹಿಂಬದಿಯಲ್ಲಿ, ಅಂದರೆ ಚಪ್ಪಟೆ ಬದಿಯ ಅಂಚಿನಲ್ಲಿ, ಲೋಹದ ಸಣ್ಣ ಎಳೆ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹಗುರವಾಗಿ ಸರಿಸಿದರೆ ಅದು ತಡೆಯುತ್ತದೆ. ಬೆರಳನ್ನು ಬಾಯಿಯ ಉದ್ದಕ್ಕೆ ಎಂದೂ ಎಳೆಯಬೇಡಿ. ಈ ಎಳೆ ತುದಿಯಿಂದ ಬುಡದವರೆಗೂ ಎದ್ದಿದ್ದರೆ ಬಾಯಿ ಬಿಟ್ಟಿದೆ ಎಂದು ತಿಳಿಯಿರಿ. ಎಲ್ಲಾದರೂ ಒಂದು ಕಡೆ ಎದ್ದಿಲ್ಲವಾದರೆ ಮುಂದಿನ ಕಲ್ಲಿಗೆ ಹೋಗಕೂಡದು. ಹೊಸಬರು ಸೋಲುವುದು ಈ ಹಂತದಲ್ಲಿಯೇ.

7. ಈಗ ಕಲ್ಲನ್ನೂ ಚಾಕುವನ್ನೂ ತೊಳೆದು, 4000 ನಂಬರಿನ ಮಗ್ಗುಲಿನಲ್ಲಿ ಅದೇ ಕೋನದಲ್ಲಿ ಒತ್ತಡ ಕಡಿಮೆ ಮಾಡಿ 20–30 ಸಲ ಎಳೆಯಿರಿ. ಹಿಂದಿನ ಒರಟು ಗೀರುಗಳು ಮಾಯವಾಗಬೇಕು.

8. ಚಪ್ಪಟೆ ಬದಿಯನ್ನು ನಯವಾದ ಮಗ್ಗುಲಿನ ಮೇಲೆ ಪೂರ್ತಿ ಮಲಗಿಸಿ ನಾಲ್ಕೈದು ಸಲ ಮಾತ್ರ ಎಳೆಯಿರಿ. ಕೂದಲೆಳೆಯಷ್ಟೂ ಎತ್ತಬೇಡಿ. ಎತ್ತಿದರೆ ಚಪ್ಪಟೆ ಬದಿಯಲ್ಲಿಯೂ ಇಳಿಜಾರು ಬಿದ್ದು, ಕೊಯ್ತ ಎಂದೆಂದಿಗೂ ಉಬ್ಬುತಗ್ಗಾಗುತ್ತದೆ.

9. ಕೊನೆಗೆ ಚರ್ಮದ ಪಟ್ಟಿ. ಹಳೆಯ ಸೊಂಟಪಟ್ಟಿಯ ತುಂಡನ್ನು ಮರದ ಹಲಗೆಗೆ ಅಂಟಿಸಿದರೆ ಸಾಕು. ಬೆನ್ನು ಮುಂದಾಗಿ ಪ್ರತಿ ಬದಿಯನ್ನೂ ಹತ್ತು ಸಲ ಎಳೆಯಿರಿ. ಉಳಿದ ಎಳೆ ಉದುರಿ ಬಾಯಿ ನೆಟ್ಟಗಾಗುತ್ತದೆ.

ಪರೀಕ್ಷೆ: ಬಾಯಿಯನ್ನು ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ಬಾಯಿಯ ಗೆರೆಯಲ್ಲಿ ಎಲ್ಲಾದರೂ ಬಿಳಿಯ ಮಿಂಚು ಕಂಡರೆ ಅಲ್ಲಿ ಮೊಂಡಾಗಿದೆ. ಹರಿತವಾದ ಬಾಯಿ ಬೆಳಕನ್ನು ಹಿಂದಿರುಗಿಸುವುದಿಲ್ಲ. ಬಳಿಕ ಕಸಿ ಮಾಡಬೇಕಾದ ಜಾತಿಯದೇ ಒಂದು ಬೇಡದ ಕಡ್ಡಿಯನ್ನು ಇಳಿಜಾರಾಗಿ ಒಂದೇ ಎಳೆತಕ್ಕೆ ಕೊಯ್ದು ನೋಡಿರಿ. ಮೇಲ್ಮೈ ಗಾಜಿನಂತೆ ಹೊಳೆದು, ತೊಗಟೆಯ ಅಂಚು ಸುಲಿಯದೆ ನಿಂತಿದ್ದರೆ ಚಾಕು ಸಿದ್ಧ.

ಕೆಲಸದ ನಡುವೆ ಚಾಕು ಬಿಗಿಯಾಗಿ ನಡೆಯತೊಡಗಿದರೆ ಮೊದಲು ಚರ್ಮದ ಪಟ್ಟಿಗೆ, ಅದರಿಂದಾಗದಿದ್ದರೆ 4000 ನಂಬರಿನ ಮಗ್ಗುಲಿಗೆ ಹೋಗಿರಿ. ಪ್ರತಿ ಸಲವೂ 1000 ನಂಬರಿನಿಂದ ಆರಂಭಿಸಿ ಚಾಕುವನ್ನು ವೃಥಾ ಸವೆಸಬೇಡಿ.

ಉಳಿದ ಉಪಕರಣಗಳು

ಕುಡುಗೋಲು ಬಾಗಿರುವುದರಿಂದ ಚಪ್ಪಟೆ ಕಲ್ಲು ಅದರ ಒಳಬಾಗಿಗೆ ತಾಗುವುದಿಲ್ಲ. ದೋಣಿಯಾಕಾರದ ಒರಟು ಕಲ್ಲನ್ನು ಕೈಯಲ್ಲಿ ಹಿಡಿದು ಕುಡುಗೋಲಿನ ಮೇಲೆ ಆಡಿಸಬೇಕು. ಇದಕ್ಕೆ 200–400 ನಂಬರೇ ಸಾಕು. ಹುಲ್ಲು, ಪೈರು ಕೊಯ್ಯಲು ಸ್ವಲ್ಪ ಹಲ್ಲುಳ್ಳ ಬಾಯಿಯೇ ಹಿತ. ಹಲ್ಲುಕುಡುಗೋಲನ್ನು ಮಾತ್ರ ಕಲ್ಲಿಗೆ ಹಿಡಿಯಬೇಡಿ. ಅದರ ಹಲ್ಲುಗಳನ್ನು ಮುಮ್ಮೂಲೆ ಅರದಿಂದ ಒಂದೊಂದಾಗಿ ತೀಡಬೇಕು.

ದ್ರಾಕ್ಷಿ, ದಾಳಿಂಬೆ, ಗುಲಾಬಿ ಸವರುವ ಕತ್ತರಿಯಲ್ಲಿ ಒಂದು ಅಲಗಿಗೆ ಮಾತ್ರ ಬಾಯಿ ಇರುತ್ತದೆ. ಆ ಅಲಗಿನ ಇಳಿಜಾರು ಬದಿಯನ್ನಷ್ಟೇ ಮಸೆಯಿರಿ. ಎರಡು ಅಲಗುಗಳೂ ಒಂದಕ್ಕೊಂದು ತಾಗುವ ಒಳಬದಿಯನ್ನು ಸವೆಸಿದರೆ ನಡುವೆ ಸಂದು ಬಿದ್ದು, ಕಡ್ಡಿ ಕತ್ತರಿಸದೆ ಮಡಚಿಕೊಳ್ಳುತ್ತದೆ.

ಕ್ಷೌರದ ಕತ್ತಿ: ತಂದೆ ತಾತಂದಿರು ಬಿಟ್ಟುಹೋದ ಮಡಚುವ ಕತ್ತಿಯನ್ನು ಮತ್ತೆ ಬಳಕೆಗೆ ತರಲು ಅನೇಕರು ಇಚ್ಛಿಸುತ್ತಾರೆ. ಇದರಲ್ಲಿ ಕೋನದ ಚಿಂತೆ ಇಲ್ಲ. ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗುವಂತೆ ಎಳೆದರೆ ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಬೆನ್ನು 5 ಮಿ.ಮೀ. ದಪ್ಪ, ಬೆನ್ನಿನಿಂದ ಬಾಯಿಗೆ 18 ಮಿ.ಮೀ. ಇದ್ದರೆ ಬಾಯಿಯ ಒಟ್ಟು ಕೋನ ಸುಮಾರು 16 ಡಿಗ್ರಿ ಆಗುತ್ತದೆ. ಕಸಿ ಚಾಕುವಿನ 1000, 4000 ನಂಬರುಗಳ ಮೇಲೆ 8000 ನಂಬರಿನ ಕಲ್ಲೊಂದು ಇದಕ್ಕೆ ಬೇಕು. ಕತ್ತಿಯ ತೂಕವೇ ಸಾಕು, ಕೈಯಿಂದ ಒತ್ತಬಾರದು. ಒಂದೊಂದು ಎಳೆತಕ್ಕೂ ಬದಿ ಬದಲಿಸುತ್ತ ಹೋಗಬೇಕು. ಹೊರಳಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕೇ ಹೊರತು ಬಾಯಿಯ ಮೇಲಲ್ಲ. ಚರ್ಮದ ಪಟ್ಟಿಯನ್ನು ಪ್ರತಿ ಕ್ಷೌರಕ್ಕೂ ಮೊದಲು ಬಳಸಬೇಕು. ಬಾಯಿ ಮುರಿದ ಅಥವಾ ತುಕ್ಕು ಬಾಯಿಯವರೆಗೂ ಕೊರೆದ ಕತ್ತಿಯ ಮೇಲೆ ಹೊಸಬರು ಕೈಹಾಕದೆ ಬಲ್ಲವರಿಗೆ ಕೊಡುವುದು ಒಳ್ಳೆಯದು. ಒಬ್ಬರು ಬಳಸಿದ ಕತ್ತಿಯನ್ನು ಇನ್ನೊಬ್ಬರು ಬಳಸಕೂಡದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಕಾಮಾಲೆಯ ಬಿ ಮತ್ತು ಸಿ ವಿಷಾಣುಗಳು ಅಂಟಬಲ್ಲವು.

ಸಾಮಾನ್ಯವಾಗಿ ಆಗುವ ತಪ್ಪುಗಳು

• ವಿದ್ಯುತ್ ಸಾಣೆಚಕ್ರಕ್ಕೆ ಹಿಡಿಯುವುದು. ತೆಳುವಾದ ಬಾಯಿ ಕ್ಷಣಮಾತ್ರದಲ್ಲಿ ಕಾಯುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಿದೆ, ಹದ ಹೋಗಿದೆ ಎಂದರ್ಥ. ಆ ಭಾಗ ಮತ್ತೆ ಹರಿತವನ್ನು ಹಿಡಿದಿಡುವುದಿಲ್ಲ.
• ನಡುವೆ ತಗ್ಗಾದ ಕಲ್ಲನ್ನೇ ಬಳಸುವುದು. ತಗ್ಗು ಕಲ್ಲು ಚಾಕುವಿನ ಬಾಯಿಯನ್ನು ಗುಂಡಗೆ ಮಾಡುತ್ತದೆ.
• ಬೇಗ ಮುಗಿಯಲೆಂದು ಬಲವಾಗಿ ಒತ್ತುವುದು. ಗೀರು ಆಳವಾಗುತ್ತದೆ, ಎಳೆ ದೊಡ್ಡದಾಗಿ ಮುರಿದು ಬಾಯಿಯನ್ನು ಹಲ್ಲಾಗಿಸುತ್ತದೆ.
• ಕಸಿ ಚಾಕುವಿನಿಂದ ಹಗ್ಗ, ಗೋಣಿ, ಪ್ಲಾಸ್ಟಿಕ್ ಕೊಯ್ಯುವುದು. ಆ ಕೆಲಸಕ್ಕೆ ಬೇರೆ ಚಾಕು ಇರಲಿ.

ಕಲ್ಲಿನ ಮತ್ತು ಚಾಕುವಿನ ಆರೈಕೆ

ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆಗಳನ್ನು ಎಳೆಯಿರಿ. ಗಾಜಿನ ಮೇಲೆ ಅಂಟಿಸಿದ ಒರಟು ಎಮರಿ ಕಾಗದದ ಮೇಲೆ ಅಥವಾ ವಜ್ರದ ಫಲಕದ ಮೇಲೆ ನೀರು ಹಾಕಿ ಕಲ್ಲನ್ನು ಉಜ್ಜಿರಿ. ಎಲ್ಲ ಗೆರೆಗಳೂ ಅಳಿದಾಗ ಕಲ್ಲು ಮಟ್ಟವಾಯಿತೆಂದು ತಿಳಿಯಿರಿ. ನಾಲ್ಕೈದು ಸಲ ಮಸೆದ ಮೇಲೆ ಒಮ್ಮೆ ಹೀಗೆ ಮಾಡುವುದು ಒಳ್ಳೆಯ ರೂಢಿ. ಒರಟು ಮಗ್ಗುಲಿನ ಕೆಸರು ನಯವಾದ ಮಗ್ಗುಲಿಗೆ ಅಂಟದಂತೆ ತೊಳೆದಿಡಿ. ನೀರುಗಲ್ಲನ್ನು ನೆರಳಿನಲ್ಲಿ ಒಣಗಿಸಿರಿ. ಬಿಸಿಲಿಗಿಟ್ಟರೆ ಸೀಳಬಹುದು.

ಚಾಕು ಹರಿತವಾದಷ್ಟೇ ಶುಚಿಯೂ ಆಗಿರಬೇಕು. ನಿಂಬೆ ಜಾತಿಯ ಗಿಡಗಳ ಎಕ್ಸೋಕಾರ್ಟಿಸ್ ರೋಗ ಕಸಿ ಚಾಕುವಿನಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ಇದಕ್ಕೆ ಸ್ಪಿರಿಟ್ ಸಾಲದು. ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅಲಗನ್ನು ಅದ್ದಬೇಕು. ದಾಳಿಂಬೆಯ ದುಂಡಾಣು ಅಂಗಮಾರಿ ಇರುವ ತೋಟದಲ್ಲಿ ಸವರುವ ಕತ್ತರಿಯನ್ನೂ ಇದೇ ರೀತಿ ಗಿಡದಿಂದ ಗಿಡಕ್ಕೆ ಅದ್ದಿ ಬಳಸಬೇಕು. ಈ ದ್ರಾವಣ ಉಕ್ಕನ್ನು ತಿನ್ನುವುದರಿಂದ, ದಿನದ ಕೆಲಸ ಮುಗಿದೊಡನೆ ನೀರಿನಲ್ಲಿ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿಡಿ. ಮಾವು, ಗೋಡಂಬಿಯ ಸೊನೆಯನ್ನು ಅಲಗಿನ ಮೇಲೆ ಒಣಗಲು ಬಿಡಬೇಡಿ. ಎಣ್ಣೆ ಸವರಿದ ಚಾಕುವನ್ನು ಮರುದಿನ ಕಸಿಗೆ ಬಳಸುವ ಮೊದಲು ಸ್ಪಿರಿಟ್ಟಿನಿಂದ ಒರೆಸಿರಿ. ಎಣ್ಣೆ ತಾಗಿದ ಕೊಯ್ತ ಕೂಡುವುದಿಲ್ಲ.

ರೈತ ಬಂಧುಗಳೇ, ಸಾಣೆ ಹಿಡಿಯುವುದು ಓದಿ ಮುಗಿಸುವ ವಿದ್ಯೆಯಲ್ಲ, ಕೈಗೆ ಬರಬೇಕಾದ ವಿದ್ಯೆ. ಕಸಿಯ ಹಂಗಾಮು ಬಂದ ಮೇಲೆ ಕಲಿಯಲು ಕೂರಬೇಡಿ. ಬೇಸಿಗೆಯಲ್ಲಿಯೇ ಒಂದು ಹಳೆಯ ಚಾಕುವನ್ನು ಹಿಡಿದು, ಮಸಿ ಬಳಿದು, ದಿನಕ್ಕೆ ಕಾಲು ಗಂಟೆಯಂತೆ ವಾರವೆರಡು ವಾರ ಅಭ್ಯಾಸ ಮಾಡಿರಿ. ಬೇಡದ ಕಡ್ಡಿಗಳ ಮೇಲೆ ಕೊಯ್ತ ಪರೀಕ್ಷಿಸಿರಿ. ಒಂದು ಕಲ್ಲು, ಒಂದು ಚರ್ಮದ ತುಂಡು, ಕಾಲು ಗಂಟೆಯ ತಾಳ್ಮೆ – ಇಷ್ಟಿದ್ದರೆ ವರ್ಷವಿಡೀ ಸಾಕಿದ ಸಸಿ ಚಾಕುವಿನ ದೋಷದಿಂದ ಸಾಯುವುದು ತಪ್ಪುತ್ತದೆ.